ಅಜ್ಜಿಯಂಗಳದ ನೀರು

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ತಿಳಿಗೊಳ ಎಂಬ ರಾಜ್ಯವಿತ್ತು. ಅಲ್ಲೊಂದು ನೀರಾಟದ ತೋಟ. ನೀರಾಟದ ತೋಟ ಆಗ ಯಾವ ರಾಜ್ಯದಲ್ಲಿರಲಿಲ್ಲ ಹೇಳಿ! ಒಂದು ಕೊಳ, ಒಂದು ಜಾರುಬಂಡೆ, ಅಲ್ಲಿಗೆ ಮುಗಿಯಿತು. ತಿಳಿಗೊಳದಲ್ಲಿ ಹಾಗಲ್ಲ, ಮೂರು ಅಂಗಳ, ಮೂರು ಲೋಕ. ಮೀನೂರಿನಲ್ಲಿ ಮೀನುಗಳು ಮಕ್ಕಳನ್ನು ಬೆನ್ನ ಮೇಲೆ ಹೊರುತ್ತಿದ್ದವು. ಮುಗಿಲಂಗಳದಲ್ಲಿ ಮೋಡಗಳು ಇಳಿದು ಬಂದು ಸಿಹಿನೀರು ಸುರಿಸುತ್ತಿದ್ದವು. ಅಜ್ಜಿಯಂಗಳದ ನೀರು ಬೆಚ್ಚಗೆ, ಮೊಣಕಾಲುದ್ದ. ನೀರಿಗೆ ಹೆದರುವ ಪುಟಾಣಿಗಳಿಗೆಂದೇ ಇದ್ದದ್ದು.

ತೋಟ ಕಾಯುವ ಕಸ್ತೂರಿಗೆ ತಂದೆತಾಯಿ ಇರಲಿಲ್ಲ. ಇದ್ದವಳು ಪುಟ್ಟ ತಂಗಿ ಬೆಳ್ಳಿ. ಅವಳೆಂದರೆ ಕಸ್ತೂರಿಗೆ ಪಂಚಪ್ರಾಣ.

ಒಂದು ದಿನ ಬೂದಿಕಣ್ಣನೆಂಬ ಮಾಂತ್ರಿಕ ಬಂದ. "ನೀರೆಂದರೆ ನೀರು. ಇದರಲ್ಲೇನು ಮೂರು ಬಗೆ?" ಎಂದು ಗೊಣಗಿ ಕೋಲು ಬೀಸಿದ. ಮೂರು ಅಂಗಳವೂ ಒಂದೇ ಥರದ ಬೂದುಬಣ್ಣದ ಕೊಳಗಳಾದವು. ಅಜ್ಜಿಯಂಗಳದಲ್ಲಿ ಆಡುತ್ತಿದ್ದ ಬೆಳ್ಳಿ ಕರಗಿ ನೀರಾದಳು.

"ಹೊತ್ತು ಮುಳುಗುವುದರೊಳಗೆ ಯಾವುದು ಯಾವುದೆಂದು ಗುರುತಿಸು. ತಪ್ಪಿದರೆ ನಿನ್ನ ತಂಗಿ ನೀರಾಗಿಯೇ ಇರುತ್ತಾಳೆ" ಎಂದ.

ಕಸ್ತೂರಿ ಗಳಗಳನೆ ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು ಎದ್ದಳು.

ಮೊದಲ ಕೊಳದ ಬಳಿ ಬಳೆ ಬಿಚ್ಚಿಟ್ಟು ಕೈ ಇಳಿಬಿಟ್ಟಳು. ಬಳೆಯ ಸದ್ದಿಗೆ ಮೀನುಗಳು ಬೆದರುತ್ತವೆಂದು ಮೀನೂರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೀನೊಂದು ಬಂದು ಅಂಗೈಗೆ ಮೂತಿ ಒತ್ತಿತು. "ಇದು ಮೀನೂರು!" ಎಂದಳು.

ಎರಡನೆಯ ಕೊಳದಲ್ಲಿ ನಿಂತು, ಮುಗಿಲಂಗಳದ ವಾಡಿಕೆಯಂತೆ ಮುಖ ಮೇಲೆತ್ತಿ ಬಾಯಿ ತೆರೆದಳು. ನಾಲಿಗೆಗೆ ಸಿಹಿಹನಿ ಬಿತ್ತು. "ಇದು ಮುಗಿಲಂಗಳ!"

ಮಾಂತ್ರಿಕ ಸಿಡುಕಿದ. "ಉಳಿದದ್ದು ಯಾವುದೆಂದು ಹಸುಳೆಯೂ ಹೇಳೀತು. ಅದು ಲೆಕ್ಕಕ್ಕಿಲ್ಲ. ತಂಗಿಯನ್ನು ಕರೆದು ಎಬ್ಬಿಸು, ನೋಡೋಣ."

"ಬೆಳ್ಳೀ, ಬಾರೇ" ಎಂದಳು ಕಸ್ತೂರಿ. ನೀರು ಅಲುಗಲಿಲ್ಲ. "ಅಕ್ಕ ಕರೀತಿದೀನಿ ಕಣೇ" ಎಂದಳು. ಇಲ್ಲ. ಸೂರ್ಯ ಇಳಿಯುತ್ತಿದ್ದ. ಕೊನೆಗೆ ಮೆಟ್ಟಿಲ ಮೇಲೆ ಕೂತು, ದಿನಾ ಸ್ನಾನದ ಹೊತ್ತಿಗೆ ಹೇಳುವಂತೆಯೇ ಹೇಳಿದಳು: "ಬಾ ಪುಟ್ಟಿ, ಇನ್ನೊಂದೇ ಒಂದು ಚೊಂಬು, ಮುಗೀತು."

"ಸುಳ್ಳಿ!" ಎಂದಿತು ನೀರು. "ದಿನಾ ಹಾಗೇ ಅಂತೀಯ, ಆಮೇಲೆ ಸುರೀತಾನೇ ಇರ್ತೀಯ!"

ಬೆಳ್ಳಿ ಕೆನ್ನೆ ಉಬ್ಬಿಸಿಕೊಂಡು ನೀರಿನಿಂದ ಎದ್ದು ನಿಂತಿದ್ದಳು. ಕೊಳ ಬೆಚ್ಚಗಾಯಿತು. ಕಸ್ತೂರಿ ಅವಳನ್ನು ಅವುಚಿಕೊಂಡು ಮತ್ತೊಮ್ಮೆ ಅತ್ತಳು.

ಮಾಂತ್ರಿಕನ ಕೋಲು ಪುಡಿಯಾಯಿತು. ಅವನು ಮೆಲ್ಲಗೆ ಅಂದ, "ನನಗೆ ಯಾರೂ ಹೀಗೆ ನೀರೆರೆದವರಿಲ್ಲ."

ಕಸ್ತೂರಿಗೆ ಸಿಟ್ಟಿತ್ತು. ಆದರೂ "ಕೂತ್ಕೊಳ್ಳಿ" ಎಂದು ಅವನ ತಲೆಗೆ ಸೀಗೆ ಹಚ್ಚಿದಳು. ಕಣ್ಣಿನ ಬೂದಿಯೆಲ್ಲ ತೊಳೆದುಹೋಯಿತು. ಮಕ್ಕಳು ಮತ್ತೆ ತೋಟ ತುಂಬಿದರು, ತಿಳಿಗೊಳ ತಣ್ಣಗೆ ಬಾಳಿತು. ಆದರೆ ಅವತ್ತಿನ ಮಟ್ಟಿಗೆ ಬೆಳ್ಳಿ ಆ ಮಾಂತ್ರಿಕನ ಕಣ್ಣಿಗೆ ತನ್ನ ಪುಟ್ಟ ಅಂಗೈ ಅಡ್ಡ ಹಿಡಿದು ನಿಂತಿದ್ದಳು.

"ಗಟ್ಟಿಯಾಗಿ ಮುಚ್ಕೋ ಮಾಮ, ಸೀಗೆ ಉರಿಯುತ್ತೆ."