ಸಂತೆಯಲ್ಲಿ ನಿಂತು ಹೇಳಿ ಸಾರ್!

"ಯಾರನ್ನ ಕೇಳಿ ಅವ್ರನ್ನ ಹಿಡ್ಕಂಡ್ ಬಂದ್ರಿ ಸಾರ್?"

ಲತಾಮಣಿಯ ದನಿ ಇಡೀ ಪೊಲೀಸ್ ಠಾಣೆಗೆ ಕೇಳಿಸಿತು.

ಮೇಜಿನ ಹಿಂದೆ ಕುಳಿತಿದ್ದ ಹೊಸ ಸಬ್ ಇನ್ಸ್‌ಪೆಕ್ಟರ್ ನೀಲಕಂಠ ತಲೆಯೆತ್ತಿದ. ಎದುರಿಗೊಬ್ಬ ಹುಡುಗಿ; ಕೆಂಪೇರಿದ ಮುಖ, ಹೆಗಲಲ್ಲಿ ಊಟದ ಬ್ಯಾಗು, ಉರಿಯುವ ಕಣ್ಣುಗಳು...

"ನೀನ್ಯಾರಮ್ಮ?"

"ಇದೇ ಹೊಸಕೆರೆದೊಡ್ಡಿಯವ್ಳು. ಹಾರೋಹಳ್ಳಿ ಬಟ್ಟೆ ಫ್ಯಾಕ್ಟರೀಲಿ ಕೆಲ್ಸ. ಹುಸೇನಣ್ಣ ಕಳ್ಳ ಅಲ್ಲ!"

ಹುಸೇನ್ ಪೇಟೆಬೀದಿಯಲ್ಲಿ ಗುಜರಿ ಅಂಗಡಿ ಇಟ್ಟಿದ್ದವನು. ರದ್ದಿಯಲ್ಲಿ ಪತ್ತೇದಾರಿ ಕಾದಂಬರಿ ಸಿಕ್ಕರೆ ಲತಾಮಣಿಗೆಂದೇ ತೆಗೆದಿಡುತ್ತಿದ್ದ. ಊರಾಚೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯಲ್ಲಿ ತಾಮ್ರದ ತಂತಿ ಕಳುವಾಗಿತ್ತು. ಮ್ಯಾನೇಜರ್ ಫೋನ್ ಮಾಡಿದ್ದೇ ತಡ, ನೀಲಕಂಠ ಸಂತೆಯ ಜನರೆಲ್ಲ ನೋಡುತ್ತಿರುವಾಗಲೇ ಅವನ ಕೊರಳಪಟ್ಟಿ ಹಿಡಿದು ಜೀಪು ಹತ್ತಿಸಿದ್ದ.

"ಗುಜರಿಯವ್ನು ಕಣಮ್ಮ. ಕದ್ದ ತಾಮ್ರ ಇನ್ನೆಲ್ಲಿಗೆ ಹೋಯ್ತದೆ?"

"ಅಂಗಡೀಲಿ ಸಿಕ್ತಾ?"

ಅವನು ಮೇಜಿನ ಮೇಲಿನ ಕಾಗದ ತಿರುವಿದ.

"ನಾನು ಓದೋ ಕಾದಂಬರೀಲಿ ಸಣ್ಣೂರಿನ ಇನ್ಸ್‌ಪೆಕ್ಟರು ಮೊದ್ಲು ನಾಕು ಜನನ್ನ ಮಾತಾಡುಸ್ತಾರೆ. ನೀವು ಫೋನೊಂದ್ನೇ ನಂಬ್ಬುಟ್ರಿ!"

"ಕಾದಂಬರಿ ಓದ್ಕಂಡು ಪೊಲೀಸ್ರಿಗೆ ಪಾಠ ಹೇಳಾಕ್ ಬಂದ್ಯಾ?" ಎಂದು ನಕ್ಕ. ಪೇದೆಗಳೂ ನಕ್ಕರು.

ಅವಮಾನದಿಂದ ಅವಳ ಕಣ್ಣು ತುಂಬಿ ಬಂತು. ಅದು ಅವನಿಗೆ ಕಾಣಬಾರದೆಂದು ಸರಕ್ಕನೆ ತಿರುಗಿ ಹೊರಟಳು. 'ಖಾಕಿ ಹಾಕ್ಕಂಡ್ರೆ ಕಣ್ಣೂ ಕುರುಡಾಗ್ತದಾ?'

ಆದರೆ ಅವಳ ಮಾತು ನೀಲಕಂಠನನ್ನು ಬಿಡಲಿಲ್ಲ. ಮರುದಿನ ಬಸ್ ನಿಲ್ದಾಣದ ಮಾಯಮ್ಮನ ಟೀ ಅಂಗಡಿಗೆ ಹೋಗಿ ಕುಳಿತು ಕಳ್ಳತನದ ಮಾತೆತ್ತಿದ.

"ಫ್ಯಾಕ್ಟರಿ ಸೂಪರ್‌ವೈಸರ್ ಅವ್ರ ಮಾವನ ಮನೆಗೆ ಟೆಂಪೋದಲ್ಲಿ ಮಾಲು ಸಾಗ್ಸಿದ್ದು ನಾನೇ ನೋಡಿವ್ನಿ, ನೀವು ಕೇಳಿದ್ರೆ ತಾನೇ!" ಎಂದಳು ಮಾಯಮ್ಮ.

ತಾಮ್ರ ಆ ಮಾವನ ಹುಲ್ಲಿನ ಬಣವೆಯೊಳಗೇ ಸಿಕ್ಕಿತು. ಸೂಪರ್‌ವೈಸರ್ ಜೈಲು ಸೇರಿದ. ಹುಸೇನನನ್ನು ಠಾಣೆಯ ಹಿಂಬಾಗಿಲಿನಿಂದ ಮನೆಗೆ ಕಳಿಸಲಾಯಿತು.

ಆ ಸಂಜೆ ಲತಾಮಣಿ ಬಸ್ಸಿಳಿಯುವಾಗ ನೀಲಕಂಠ ಕಾಯುತ್ತಾ ನಿಂತಿದ್ದ.

"ಒಂದು ಪುಸ್ತಕ ಕೊಡ್ತೀಯಾ? ಅದ್ರಲ್ಲಿ ಅಂಥದ್ದೇನೈತೆ ನೋಡ್ಬೇಕು."

ಅವಳಿಗೆ ನಗು ಬಂತು. "ಅದ್ರಲ್ಲಿ ಊರು ಚಿಕ್ಕದು ಸಾರ್. ಇನ್ಸ್‌ಪೆಕ್ಟರ್‌ಗೆ ಎಲ್ರ ಹೆಸ್ರೂ ಗೊತ್ತು. ದೊಡ್ಡೋನು ತಪ್ಪು ಮಾಡಿದ್ರೂ ತಪ್ಪುಸ್ಕಳಾಕಾಗಲ್ಲ. ಆ ನೆಮ್ಮದಿಗೇ ಓದ್ತೀನಿ..."

ಪುಸ್ತಕಗಳು ಕೈಬದಲಾದವು. ಮಾಗಡಿ ಕಡೆಯ ಈ ಹುಡುಗ ಅಷ್ಟೊಂದು ಒರಟನಲ್ಲ ಎಂದು ಅವಳ ಮನಸ್ಸು ಪಿಸುಗುಟ್ಟತೊಡಗಿತು. "ನಿಮ್ಮಪ್ಪನ್ನ ಬಂದು ಕೇಳ್ಲಾ?" ಎಂದು ಅವನು ಕೇಳಿದ ದಿನ ಅವಳ ಕೆನ್ನೆ ಕೆಂಪಾಯಿತು!

ಆ ಖುಷಿಯಲ್ಲೇ ಹುಸೇನನ ಅಂಗಡಿಗೆ ಹೋದಳು. ಅಲ್ಲಿ ಗಿರಾಕಿಗಳೇ ಇರಲಿಲ್ಲ.

"ಯಾರೂ ಮಾಲು ಹಾಕ್ತಿಲ್ಲಮ್ಮ," ಎಂದ ಹುಸೇನ್ ತಲೆ ತಗ್ಗಿಸಿ. "ಗಾಡಿ ತಳ್ಕಂಡ್ ಹೋದ್ರೆ ಕಳ್ಳ ಬಂದ ಅಂತಾರೆ. ಜೀಪ್ ಹತ್ತಿದ್ದು ಎಲ್ರೂ ನೋಡವ್ರೆ. ಬುಟ್ಟಿದ್ದು ಯಾರು ನೋಡವ್ರೆ?"

ಲತಾಮಣಿ ಉರಿಯುತ್ತಾ ನೇರ ಠಾಣೆಗೆ ಹೋಗಿ ಎಲ್ಲ ಹೇಳಿದಳು.

"ನಾನು ಕಳ್ಳನ್ನ ಹಿಡ್ದೆ. ಇನ್ನೇನ್ ಮಾಡ್ಲಿ?" ಎಂದ ನೀಲಕಂಠ.

"ಕಾದಂಬರೀಲಿ ಕೊನೇಗೆ ಎಲ್ರನ್ನೂ ಸೇರ್ಸಿ ಕಳ್ಳ ಯಾರು ಅಂತ ಹೇಳ್ತಾರೆ. ಯಾರಲ್ಲ ಅನ್ನೋದೂ ಆಗ್ಲೇ ಗೊತ್ತಾಗೋದು! ನೀವು ಸಂತೇಲಿ ಹಿಡ್ದು ಹಿಂಬಾಗ್ಲಲ್ಲಿ ಬುಟ್ರಿ. ಅದೇ ಸಂತೇಲಿ ನಿಂತು ತಪ್ಪಾಯ್ತು ಅನ್ನಿ."

"ಖಾಕಿ ಹಾಕ್ಕಂಡು ಕ್ಷಮೆ ಕೇಳಾದಾ? ನಾಳೆ ಯಾರು ನನ್ ಮಾತು ಕೇಳ್ತಾರೆ?"

"ಹಂಗಾದ್ರೆ ನಮ್ಮಪ್ಪನ್ನೂ ಕೇಳ್ಬೇಡಿ. ಬತ್ತೀನಿ."

ಮಳೆಗಾಲವಿಡೀ ಅವಳು ಅವನತ್ತ ತಿರುಗಿ ನೋಡಲಿಲ್ಲ. ಬಸ್ಸಿನ ಕಿಟಕಿಯಾಚೆ ಅವನು ಕಂಡಾಗಲೆಲ್ಲ ಕೈಲಿದ್ದ ಪುಸ್ತಕದ ಸಾಲು ತಪ್ಪಿಹೋಗುತ್ತಿತ್ತು. 'ನಂದು ಜಾಸ್ತಿಯಾಯ್ತಾ? ಇಲ್ಲ... ಇಲ್ಲ!'

ಒಂದು ಮಧ್ಯಾಹ್ನ ನೀಲಕಂಠ ಗುಜರಿ ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ಅವನನ್ನು ಕಂಡದ್ದೇ ಹುಸೇನ್ ಎದ್ದು, ಕೈಮುಗಿದು ನಡುಗತೊಡಗಿದ. "ನಾನೇನೂ ಮಾಡಿಲ್ಲ ಸಾಹೇಬ್ರೇ..."

ತಂದೆಯ ವಯಸ್ಸಿನ ಮನುಷ್ಯ! ನೀಲಕಂಠ ತಲೆ ತಗ್ಗಿಸಿ ಬೈಕು ತಿರುಗಿಸಿದ. ಬಂದ ದಾರಿಯಲ್ಲೇ ಹಿಂದಿರುಗಿದ.

ಮುಂದಿನ ಸಂತೆಯ ದಿನ ಪೇಟೆಬೀದಿಯ ನಡುವೆ ಪೊಲೀಸ್ ಜೀಪು ಬಂದು ನಿಂತಿತು. ತರಕಾರಿ ಕೊಳ್ಳುತ್ತಿದ್ದ ಲತಾಮಣಿ ಚೀಲ ಅಲ್ಲೇ ಬಿಟ್ಟು ಮುಂದೆ ನುಗ್ಗಿದಳು. 'ಮತ್ಯಾರನ್ನ ಹಿಡಿಯಾಕ್ ಬಂದ?'

ಪೂರ್ತಿ ಸಮವಸ್ತ್ರದಲ್ಲಿದ್ದ ನೀಲಕಂಠ ಹುಸೇನನ ಕೈಹಿಡಿದು ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿಕೊಂಡ.

"ಎಲ್ರೂ ಒಸಿ ಕೇಳಿ! ತಾಮ್ರ ಕದ್ದೋನು ಫ್ಯಾಕ್ಟರಿ ಸೂಪರ್‌ವೈಸರ್. ಹುಸೇನಣ್ಣ ಏನೂ ಮಾಡಿಲ್ಲ. ಯಾರನ್ನೂ ವಿಚಾರಿಸ್ದೆ ಇವ್ರನ್ನ ಹಿಡಿದಿದ್ದು ನನ್ ತಪ್ಪು." ಟೋಪಿ ತೆಗೆದ. "ತಪ್ಪಾಯ್ತು ಹುಸೇನಣ್ಣ. ಕ್ಷಮಿಸ್ಬುಡಿ."

ಹುಸೇನ್ ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ತಕ್ಕಡಿ ಬಿಟ್ಟು ಬಂದ ತರಕಾರಿ ವ್ಯಾಪಾರಿ ಬೋರಲಿಂಗಯ್ಯ ಅವನ ಬೆನ್ನು ಸವರಿ, "ನಾಳೆ ನಮ್ಮನೆ ಹತ್ರ ಬಾ ಮಾರಾಯ. ಹಳೇ ಕಬ್ಣ ರಾಶಿ ಬಿದ್ದೈತೆ," ಎಂದ.

ಜನ ಚದುರಿದ ಮೇಲೆ ನೀಲಕಂಠ ಲತಾಮಣಿಯ ಬಳಿ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ನೀನು ಹೇಳ್ದೆ ಅಂತ ಮಾಡ್ಲಿಲ್ಲ ಲತಾ. ಅವ್ರು ನನ್ನ ನೋಡಿ ನಡುಗುದ್ರು... ತಡ್ಕಳಾಕಾಗ್ಲಿಲ್ಲ."

ಅವಳ ಸಿಟ್ಟೆಲ್ಲ ಕರಗಿ ಕಣ್ಣೀರಾಗಿ ಇಳಿಯಿತು.

"ಅದಕ್ಕೇ ಈಗ ಹೆಚ್ಗೆ ಇಷ್ಟ ಆಗ್ತಿದೀರಿ..."

ಅವನು ಬೆರಗಿನಿಂದ ನೋಡಿದ. "ನಾನು ಮತ್ತೆ ತಪ್ಪು ಮಾಡಿದ್ರೆ? ಇನ್ಮೇಲೂ ಹಿಂಗೇ ಬೈತೀಯಾ?"

ಲತಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮದ್ವೆ ಆದ್ಮೇಲೆ ಇನ್ನೊಸಿ ಜಾಸ್ತೀನೇ ಬೈತೀನಿ!"