ಒಂದು ಮಾರು ಟೇಪು

ನನ್ನ ಅಮ್ಮನ ಮೈಯಿಂದ ಬರುತ್ತಿದ್ದ ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬಂದು ಮೂಗಿಗೆ ತಾಗುತ್ತದೆ. ಕಾದ ಎಣ್ಣೆ, ಸುಟ್ಟ ಮರಳು, ಹಳೆಯ ಪತ್ರಿಕೆಯ ಮಸಿ. ಅವಳು ಶೆಫೀಲ್ಡಿನ ಕಾರ್ಖಾನೆಯೊಂದರಲ್ಲಿ ಚಮಚ, ಫೋರ್ಕುಗಳಿಗೆ ಹೊಳಪು ಕೊಡುವ ಕೆಲಸದವಳು. ಬಟ್ಟೆ ಕೊಳೆಯಾಗದಿರಲೆಂದು ಸೊಂಟಕ್ಕೂ ಕಾಲಿಗೂ ಪತ್ರಿಕೆ ಸುತ್ತಿ ದಾರ ಬಿಗಿದು, ದಿನವಿಡೀ ತಿರುಗುವ ಚಕ್ರದ ಮುಂದೆ ನಿಲ್ಲುತ್ತಿದ್ದಳು. ಸಂಜೆ ಬಂದು ನನ್ನನ್ನು ಅಪ್ಪಿಕೊಂಡರೆ ಕಾಗದ ಚರಚರ ಎನ್ನುತ್ತಿತ್ತು.

ನನಗೆ ಹದಿನಾಲ್ಕಾದಾಗ ಅಮ್ಮ ತೀರಿಕೊಂಡಳು. ಆಮೇಲೆ ಆ ವಾಸನೆ ಸಿಗುತ್ತಿದ್ದದ್ದು ಒಂದೇ ಕಡೆ, ಅಮ್ಮನ ಪಕ್ಕದ ಚಕ್ರದಲ್ಲಿ ಕೆಲಸ ಮಾಡುತ್ತಿದ್ದ ಎಡ್ನಾ ಆಂಟಿಯ ಅಡುಗೆಮನೆಯಲ್ಲಿ. ಸಕ್ಕರೆ ಬೇಕು, ಸೂಜಿ ಬೇಕು ಎಂದು ನೆಪ ಹುಡುಕಿಕೊಂಡು ಹೋಗುತ್ತಿದ್ದೆ. ಆಂಟಿ ಸಕ್ಕರೆಯನ್ನೂ ಕೊಡುತ್ತಿರಲಿಲ್ಲ, ಸೂಜಿಯನ್ನೂ ಕೊಡುತ್ತಿರಲಿಲ್ಲ. ಕುರ್ಚಿ ಎಳೆದು, ಟೀ ಮುಂದಿಟ್ಟು, ತನ್ನ ಕೆಲಸ ನೋಡಿಕೊಳ್ಳುತ್ತಿದ್ದರು.

ಅದೇ ಕುರ್ಚಿಯಲ್ಲಿ ಕೂತಿದ್ದಾಗ ನಾನು ಕ್ಲೈವನನ್ನು ಕಂಡದ್ದು. ಎಪ್ಪತ್ತೇಳನೇ ಇಸವಿಯ ವಸಂತ. ನನಗೆ ಹತ್ತೊಂಬತ್ತು, ಟೀಚರ್ಸ್ ಕಾಲೇಜಿನಲ್ಲಿ ಓದುತ್ತಿದ್ದೆ. ಆಂಟಿಯ ಮನೆಯ ಚಮಚಗಳೆಲ್ಲ ಕಾರ್ಖಾನೆ ಬೇಡವೆಂದು ಬಿಟ್ಟ ಮಾಲು, ಒಂದೊಂದಕ್ಕೂ ಒಂದೊಂದು ಸೊಟ್ಟ. ಅಂಥ ಎರಡು ಚಮಚ ಹಿಡಿದು, ನೀರು ಕುದಿಯುವವರೆಗೆ ಮೇಜಿನ ಮೇಲೆ ಟಕಟಕ ಬಡಿಯುತ್ತಿದ್ದೆ.

"ನಿಲ್ಲಿಸ್ಬೇಡ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ನಾನು ನಿಲ್ಲಿಸಿಬಿಟ್ಟೆ.

"ನಿಲ್ಲಿಸ್ಬೇಡ ಅಂದ್ರೆ ನಿಲ್ಲಿಸ್ತಾಳೆ ನೋಡು! ಯಾರು ನೀನು?"

"ಹೇಜಲ್. ನೀನು?"

"ಈ ಮನೆ ಮಗ."

ಒಲೆಯ ಮೇಲಿನ ಕಟ್ಟೆಯಲ್ಲಿದ್ದ ಫೋಟೋವನ್ನು ನೋಡಿದೆ. ಮುಂದಿನ ಎರಡು ಹಲ್ಲಿಲ್ಲದ, ಗುಂಡು ಗುಂಡಾದ ಹುಡುಗ. ಬಾಗಿಲಲ್ಲಿ ನಿಂತವನು ಬೆತ್ತದಂತೆ ಉದ್ದ, ತೋಳು ಹರಿದ ಅಂಗಿ, ಅದಕ್ಕೆ ಹನ್ನೊಂದು ಸೇಫ್ಟಿ ಪಿನ್ನು. ಅಜ್ಜಿಯ ಮನೆಯಲ್ಲಿ ಬೆಳೆದು, ಲೀಡ್ಸಿನ ಆರ್ಟ್ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ.

"ಹಲ್ಲು ಬಂದಿದ್ಯಾ?" ಎಂದು ಕೇಳಿದೆ.

ಅವನು ನಕ್ಕ. ಬಂದಿತ್ತು. ಆ ನಗುವಿನ ಎಡ ತುದಿ ಬಲ ತುದಿಗಿಂತ ಒಂದು ಕ್ಷಣ ಮೊದಲು ಏಳುತ್ತಿತ್ತು. ಅದನ್ನು ಅಷ್ಟು ಬೇಗ ಗಮನಿಸಬಾರದಿತ್ತು.

*

ಮೂವರ ಪಂಕ್ ಬ್ಯಾಂಡು ನಮ್ಮದು. ಕ್ಲೈವ್ ಗಿಟಾರು, ಅವನ ಗೆಳೆಯ ರಾಡ್ನಿ ಬೇಸ್ ಗಿಟಾರು ನುಡಿಸುತ್ತ ಹಾಡುತ್ತಿದ್ದ, ನಾನು ಡ್ರಮ್ಮು. ಚೂರಿ ಮಾಡುವ ಊರಿನವರೆಂದು 'ಮೊಂಡು ಚೂರಿಗಳು' ಎಂದು ಹೆಸರಿಟ್ಟುಕೊಂಡೆವು. ಮುಚ್ಚಿದ ಕಾರ್ಖಾನೆಯ ಮಹಡಿಯೊಂದರಲ್ಲಿ ಅಭ್ಯಾಸ. ಯಾವ ಹಾಡೂ ಎರಡು ನಿಮಿಷ ದಾಟುತ್ತಿರಲಿಲ್ಲ. ದಾಟಿದರೆ ನನ್ನ ಕೈ ಬಿದ್ದುಹೋಗುತ್ತಿತ್ತು.

ಪ್ರತಿ ಹಾಡು ಶುರುವಾಗುವ ಮುಂಚೆ ಕ್ಲೈವ್ ಹಿಂದಕ್ಕೆ ತಿರುಗಿ ನನ್ನನ್ನು ನೋಡಲೇಬೇಕಿತ್ತು. ಬೇರೆ ದಾರಿಯಿರಲಿಲ್ಲ. ಲೆಕ್ಕ ಕೊಡುವವಳು ನಾನು. ಅವನ ಗಲ್ಲ ಭುಜದ ಮೇಲೆ ಬರುತ್ತಿತ್ತು, ಹುಬ್ಬು ಒಂದಿಷ್ಟು ಏಳುತ್ತಿತ್ತು: 'ರೆಡಿನಾ?' ನಾನು ಬೇಕೆಂದೇ ಅರೆಕ್ಷಣ ತಡ ಮಾಡುತ್ತಿದ್ದೆ. ಆಗ ಆ ನಗುವಿನ ಎಡ ತುದಿ ಏಳುತ್ತಿತ್ತು. ಆಮೇಲೆ ಕೋಲಿಗೆ ಕೋಲು ಬಡಿದು ಒಂದು, ಎರಡು, ಮೂರು, ನಾಲ್ಕು.

ಒಂದು ಸಂಜೆಗೆ ಹದಿನಾರು ಹಾಡು. ಹದಿನಾರು ನೋಟ. ಕಾಲೇಜಿನ ಗೆಳತಿಯರಿಗೆ ಹೂವು ಬರುತ್ತಿತ್ತು, ಪತ್ರ ಬರುತ್ತಿತ್ತು. ನನಗೆ ಇದು ಬರುತ್ತಿತ್ತು, ಇದೇ ಸಾಕಾಗಿತ್ತು.

ಆ ದಿನಗಳ ಪಂಕ್ ಕಛೇರಿಗಳಲ್ಲಿ ಜನ ಮೆಚ್ಚಿದರೆ ವೇದಿಕೆಯ ಮೇಲಿದ್ದವರಿಗೆ ಉಗುಳುತ್ತಿದ್ದರು. ಹಿಂದೆ ಕೂರುವ ನಾನು ಪಾರು. ಕ್ಲೈವನ ಜಾಕೆಟ್ಟು ಮಾತ್ರ ಒದ್ದೆ. ಎಡ್ನಾ ಆಂಟಿ ಅದನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಹಾಕುತ್ತಿದ್ದರು.

"ನಿನ್ನೆ ಚೆನ್ನಾಗಿ ನುಡಿಸಿದ್ಯೇನೋ?"

"ನೋಡಮ್ಮ, ಗೊತ್ತಾಗಲ್ವಾ?"

"ಗೊತ್ತಾಗ್ತಿದೆ. ಹೆತ್ತಿದ್ದಕ್ಕೆ ಊರವರ ಎಂಜಲು ಒಗೀತಾ ಇದೀನಿ. ಹೇಜಲ್, ನೀನಾದ್ರೂ ಇವನಿಗೊಂದು ರೇನ್‌ಕೋಟ್ ಕೊಡಿಸೇ."

*

ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಕ್ಲೈವ್ ಹಾಡಿನ ನಡುವೆ ನಿಲ್ಲಿಸತೊಡಗಿದ.

"ನಮಗೆ ಇರೋದು ಒಂದೇ ಹಾಡು. ಅದನ್ನೇ ಹದಿನಾರು ಸಲ ಹೊಡೀತಿದೀವಿ," ಎಂದ ಒಂದು ದಿನ.

"ಜನ ಹದಿನಾರು ಸಲ ಉಗೀತಾರಲ್ಲ, ಮತ್ತೇನು ಬೇಕು ನಿಂಗೆ?" ಎಂದ ರಾಡ್ನಿ.

"ಈ ಊರಿನ ಸದ್ದು ಬೇಕು. ಉಕ್ಕು ಬಡಿಯೋ ಫೋರ್ಜಿನ ಸುತ್ತಿಗೆ ಬೀಳುತ್ತಲ್ಲ ಕಣೋ, ಮನೆಯೊಳಗೆ ಬಟ್ಟಲು ನಡುಗುತ್ತಲ್ಲ. ಅದಕ್ಕೆ ಯಾವ ಆತುರವೂ ಇಲ್ಲ."

ಯಾವುದೋ ಶಾಲೆ ಮಾರಿದ ದೊಡ್ಡ ಟೇಪ್ ರೆಕಾರ್ಡರನ್ನು ಕೈಗಾಡಿಯಲ್ಲಿ ತಂದ. ಗಿಟಾರಿನ ತಂತಿಗೆ ಚಮಚ ಸಿಕ್ಕಿಸಿದ. ಕೊಳಾಯಿಯ ಹನಿ, ಬಸ್ಸಿನ ಬ್ರೇಕು, ಆಂಟಿ ಪಾತ್ರೆ ತೊಳೆಯುವುದು, ಎಲ್ಲವೂ ಟೇಪಿಗೆ ಹೋಯಿತು. ನನಗೆ ಅವನ ಮೇಲೆ ಕೋಪ ಬರಲಿಲ್ಲ. ಇಷ್ಟು ವರ್ಷದ ಮೇಲೂ ಹೇಳುತ್ತೇನೆ, ಅವನು ಹೇಳಿದ್ದು ಸರಿಯಾಗಿತ್ತು. ಆ ಸದ್ದು ಚೆನ್ನಾಗಿತ್ತು. ನನ್ನ ಕಷ್ಟವೆಲ್ಲ ಅದರಲ್ಲೇ ಇತ್ತು.

ಒಂದು ಮಧ್ಯಾಹ್ನ ನನ್ನೊಬ್ಬಳನ್ನೇ ನುಡಿಸಲು ಹೇಳಿ ರೆಕಾರ್ಡ್ ಮಾಡಿದ. ಅವನು ಯಂತ್ರದ ಮುಂದೆ, ನನಗೆ ಬೆನ್ನು ಹಾಕಿ ಕೂತಿದ್ದ. ನಾನು ನುಡಿಸುತ್ತಿದ್ದೆ. ಗಡಿಯಾರದಂತೆ ನುಡಿಸುತ್ತಿದ್ದೆ ಎನ್ನಬೇಕು. ಇದ್ದಕ್ಕಿದ್ದಂತೆ, ಯಾವ ಹಾಡೂ ಶುರುವಾಗಬೇಕಿಲ್ಲದಿದ್ದಾಗ, ಅವನು ತಿರುಗಿ ನನ್ನನ್ನು ನೋಡಿದ.

ಹುಬ್ಬು ಏಳಲಿಲ್ಲ. ನಗಲೂ ಇಲ್ಲ. ಸುಮ್ಮನೆ ನೋಡಿದ.

ನನ್ನ ಕೈ ತಪ್ಪಿತು. ಒಂದು ಪೆಟ್ಟು ಬೀಳಬೇಕಾದಲ್ಲಿ ಬೀಳಲಿಲ್ಲ. ಮುಂದಿನದು ಮುಗ್ಗರಿಸಿ ಬಿತ್ತು. ಮತ್ತೆ ಹಿಡಿದುಕೊಂಡೆ.

"ಸಾರಿ, ಮತ್ತೆ ಹೊಡೀತೀನಿ," ಎಂದೆ.

"ಬೇಡ. ಸಿಕ್ತು," ಎಂದ.

ಮರುದಿನ ಟೇಪಿನ ಮೇಲೆ ಹಳದಿ ಪೆನ್ಸಿಲಿನಲ್ಲಿ ಎರಡು ಗುರುತು ಹಾಕಿದ್ದ. "ಎರಡೂ ಕೈ ಚಾಚು," ಎಂದ. ಚಾಚಿದೆ. ಟೇಪಿನ ಒಂದು ಗುರುತನ್ನು ನನ್ನ ಎಡಗೈ ತುದಿಗೆ ಇಟ್ಟು, ಎದೆಯ ಮುಂದಿನಿಂದ ಹಾಯಿಸಿ, ಬಲಗೈ ತುದಿಯವರೆಗೆ ಎಳೆದ. ಅವನ ಉಸಿರು ನನ್ನ ಕತ್ತಿಗೆ ತಾಗಿತು. ಟೀ ಕುಡಿದು ಬಂದಿದ್ದ.

"ನೋಡೇ! ಎರಡನೇ ಗುರುತು ಸರಿಯಾಗಿ ನಿನ್ನ ಬೆರಳ ತುದಿಗೇ ಬಂತು. ನಾಲ್ಕು ಸುತ್ತು ಬೀಟು, ನಿನ್ನದೊಂದು ಮಾರು."

"ದರ್ಜಿ ಆಗ್ಬೇಕಿತ್ತು ನೀನು."

"ಅಲ್ಲಾಡ್ಬೇಡ. ಕತ್ತರಿಸ್ತೀನಿ."

ಬ್ಲೇಡಿನಲ್ಲಿ ಕತ್ತರಿಸಿದ. ಎರಡು ತುದಿ ಸೇರಿಸಿ ಅಂಟಿಸಿ ಬಳೆ ಮಾಡಿದ. ಬಳೆಯ ಒಂದು ಬದಿ ಯಂತ್ರದಲ್ಲಿ, ಇನ್ನೊಂದು ಬದಿ ಸಡಿಲಾಗದಂತೆ ನಾನು ಪೆನ್ಸಿಲಿಗೆ ಸಿಕ್ಕಿಸಿ ಹಿಡಿದು ನಿಂತೆ. ವೇಗವನ್ನು ಅರ್ಧಕ್ಕೆ ಇಳಿಸಿ ಗುಂಡಿ ಒತ್ತಿದ.

ನನ್ನ ಡ್ರಮ್ಮು ನಿಧಾನವಾಗಿ, ನೆಲದಡಿಯಿಂದ ಬಂದಂತೆ ಬಂತು. ಆಮೇಲೆ ಆ ತಪ್ಪಿದ ಜಾಗ. ಅರ್ಧ ವೇಗದಲ್ಲಿ ಅದು ಎಷ್ಟು ಉದ್ದವಾಗಿತ್ತು! ಯಾರೋ ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡ ಹಾಗೆ. ಮತ್ತೆ ಪೆಟ್ಟುಗಳು. ಹದಿನೇಳು ಸೆಕೆಂಡಿಗೊಮ್ಮೆ ಮತ್ತೆ ಅದೇ ಜಾಗ.

ಕ್ಲೈವನ ಕಣ್ಣಲ್ಲಿ ನೀರಿತ್ತು. "ಇನ್ನು ನೀನು ಸುಸ್ತಾಗೋದೇ ಇಲ್ಲ, ಹೇಜಲ್," ಎಂದ.

ಈ ಸದ್ದಿನ ರೆಕಾರ್ಡು ಹೊರಬಂದು ಈಗ ಬಹಳ ವರ್ಷವಾಯಿತು. ಹುಡುಕಿದರೆ ಈಗಲೂ ಸಿಗುತ್ತದೆ. ಡ್ರಮ್ಮು ನುಡಿಸಿದವರ ಹೆಸರು ಅದರಲ್ಲಿಲ್ಲ. 'ಟೇಪು: ಕ್ಲೈವ್' ಎಂದಿದೆ.

*

ಹೊಸ ಸದ್ದನ್ನು ಜನರ ಮುಂದಿಟ್ಟದ್ದು ಒಂದು ಪಬ್ಬಿನ ಮಹಡಿಯಲ್ಲಿ. ನಾನು ವೇದಿಕೆಯ ನಡುವೆ ಪೆನ್ಸಿಲ್ ಹಿಡಿದು ನಿಂತಿದ್ದೆ.

"ಏನಮ್ಮಾ, ಕೋಲು ಕಳ್ಕೊಂಡ್ಯಾ?" ಎಂದು ಒಬ್ಬ ಕೂಗಿದ.

"ಮೀನು ಹಿಡೀತಿದಾಳೆ ಬಿಡೋ!" ಎಂದ ಇನ್ನೊಬ್ಬ.

ನಗು ಎದ್ದಿತು, ಇಳಿಯಿತು. ಆಮೇಲೆ ಯಾರೂ ಉಗುಳಲಿಲ್ಲ. ಕೆಲವರು ಎದ್ದುಹೋದರು. ಉಳಿದವರು ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಫೋರ್ಜಿನಲ್ಲಿ ದುಡಿಯುವ ಗಟ್ಟಿಮುಟ್ಟಾದ ಒಬ್ಬ ಕಣ್ಣು ಮುಚ್ಚಿ, ಅಂಗೈಯನ್ನು ನೆಲಕ್ಕೊತ್ತಿ ಕೇಳುತ್ತಿದ್ದ.

ಅಂದು ಕ್ಲೈವ್ ಒಂದು ಸಲವೂ ಹಿಂದೆ ತಿರುಗಲಿಲ್ಲ. ತಿರುಗಬೇಕಾಗಿರಲಿಲ್ಲ. ಲೆಕ್ಕ ಕೊಡಲು ಯಂತ್ರವಿತ್ತು. ಹದಿನೇಳು ಸೆಕೆಂಡಿಗೊಮ್ಮೆ ನನ್ನ ಕೈ ತಪ್ಪುತ್ತಿತ್ತು, ನಾನು ಅವನ ಬೆನ್ನನ್ನು ನೋಡುತ್ತ ನಿಂತಿದ್ದೆ.

ಜಾಕೆಟ್ಟು ಒದ್ದೆಯಾಗದೆ ಬಂದದ್ದನ್ನು ನೋಡಿ ಆಂಟಿ, "ಯಾಕೋ, ಚೆನ್ನಾಗಿ ಆಗ್ಲಿಲ್ವಾ?" ಎಂದರು.

"ತುಂಬಾ ಚೆನ್ನಾಗಿ ಆಯ್ತಮ್ಮ," ಎಂದ ಕ್ಲೈವ್.

ಆಂಟಿ ನನ್ನ ಮುಖ ನೋಡಿದರು. ನನ್ನ ಟೀಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದರು.

*

ಜರ್ಮನಿಯ ಒಂದು ರೆಕಾರ್ಡ್ ಕಂಪನಿಯಿಂದ ಕರೆ ಬಂತು. ಆರು ತಿಂಗಳು ಅಲ್ಲೇ ಇದ್ದು ರೆಕಾರ್ಡ್ ಮಾಡುವುದು ಎಂದಾಯಿತು. ಹೊರಡುವ ವಿಷಯ ರಾಡ್ನಿ ಹೇಳಿದ. ನನ್ನ ಕಾಲೇಜಿನ ಕೊನೆಯ ಪರೀಕ್ಷೆಗೆ ಮೂರು ವಾರವಿತ್ತು. ಕ್ಲೈವ್ 'ಬಾ' ಎಂದರೆ ಪರೀಕ್ಷೆ ಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಒಂದು ಸಣ್ಣ ಚೀಲವನ್ನೂ ತುಂಬಿಟ್ಟಿದ್ದೆ. ಆ ಚೀಲದ ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ.

ಅವರು ಹೊರಡುವ ದಿನ ಬೆಳಿಗ್ಗೆ ಏಳಕ್ಕೆ ಹೋದೆ. ಚೀಲವನ್ನು ಬೀದಿಯ ತಿರುವಿನಲ್ಲಿ, ಒಂದು ಗೋಡೆಯ ಹಿಂದೆ ಬಿಟ್ಟೆ. ಆಂಟಿಯ ಮನೆ ಮುಂದೆ ವ್ಯಾನು ನಿಂತಿತ್ತು. ಮುಂದಿನ ಸೀಟು ಮೂರು. ನಡುವಿನದು ಯಾವಾಗಲೂ ನನ್ನದು. ಅಲ್ಲಿ ಕಂಬಳಿ ಹೊದಿಸಿ, ಹಗ್ಗದಿಂದ ಬಿಗಿದು ಟೇಪ್ ರೆಕಾರ್ಡರನ್ನು ಕೂರಿಸಿದ್ದರು.

"ಹಿಂದೆ ಇಟ್ರೆ ಅಲ್ಲಾಡಿ ಕೆಟ್ಟೋಗುತ್ತೆ," ಎಂದ ಕ್ಲೈವ್, ನಾನು ನೋಡುತ್ತಿದ್ದುದನ್ನು ಕಂಡು.

"ಪೆನ್ಸಿಲ್ ಹಿಡಿಯೋರು?"

ಅವನ ಮುಖ ಅರಳಿತು. ವ್ಯಾನಿನ ಹಿಂಬಾಗಿಲು ತೆರೆದು, ಮೈಕಿನ ಒಂದು ಹಳೆಯ ಸ್ಟ್ಯಾಂಡು ಎಳೆದು ತೋರಿಸಿದ. ಅದರ ತುದಿಗೆ ಆ ಹಳದಿ ಪೆನ್ಸಿಲನ್ನು ತಂತಿ ಸುತ್ತಿ ಕಟ್ಟಿದ್ದ. ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದ.

"ರಾತ್ರಿಯೆಲ್ಲ ಕೂತು ಮಾಡಿದೆ. ಅವತ್ತು ಪಬ್ಬಲ್ಲಿ ನಿನ್ನ ಕೈ ನಡುಗ್ತಿತ್ತು, ನೋಡಿದೆ. ಇನ್ನು ನಿಂಗೆ ನೋವಿಲ್ಲ."

ಅವನು ಸುಳ್ಳು ಹೇಳುವವನಲ್ಲ. ನನ್ನ ಕೈ ನೋಯಬಾರದೆಂದೇ ಮಾಡಿದ್ದ. ಒಂದು ಸಲವೂ ತಿರುಗದವನು ಅದನ್ನು ಯಾವಾಗ ನೋಡಿದ ಎಂದು ಕೇಳಬೇಕೆನ್ನಿಸಿತು.

"ಪರೀಕ್ಷೆ ಚೆನ್ನಾಗಿ ಬರಿ," ಎಂದ. "ಟೀಚರಮ್ಮ."

"ಹೂಂ."

ರಾಡ್ನಿ ವ್ಯಾನು ಚಾಲೂ ಮಾಡಿದ. ಕ್ಲೈವ್ ಬಾಗಿಲಿಗೆ ಕೈ ಇಟ್ಟ.

"ಅವತ್ತು ರೆಕಾರ್ಡ್ ಮಾಡೋವಾಗ ನಾನು ಯಾಕೆ ತಪ್ಪಿದೆ ಅಂತ ನೀನು ಕೇಳಲೇ ಇಲ್ಲ," ಎಂದೆ.

ಅವನು ತಿರುಗಿದ. ಗಲ್ಲ ಭುಜದ ಮೇಲೆ ಬಂತು.

"ನಾನು ನೋಡಿದ್ದಕ್ಕೆ," ಎಂದ ಮೆಲ್ಲಗೆ.

"ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಅದನ್ನ ಇಟ್ಕೊಂಡಿದ್ದು."

ನಾನು ಕಾದೆ. ಇನ್ನೊಂದು ಮಾತು ಬಂದೇ ಬರುತ್ತದೆ ಎಂದು ಕಾದೆ. ಅವನ ತುಟಿ ಬಿಚ್ಚಿತು, ಮುಚ್ಚಿತು. ಆ ಜಾಗ ಎಷ್ಟು ಉದ್ದವೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನಿಗೆ ನಾನು ಬೇಕಿದ್ದೆ. ಒಂದು ಮಾರಿನಷ್ಟು ಬೇಕಿದ್ದೆ. ಅಷ್ಟು ಆಗಲೇ ಅವನ ಬಳಿ ಇತ್ತು.

ರಾಡ್ನಿ ಹಾರ್ನ್ ಹೊಡೆದ. ವ್ಯಾನು ಇಳಿಜಾರಿನಲ್ಲಿ ಇಳಿಯಿತು, ತಿರುವಿನಲ್ಲಿ ನನ್ನ ಚೀಲವಿದ್ದ ಗೋಡೆಯ ಪಕ್ಕದಲ್ಲೇ ಹೋಗಿ ಮರೆಯಾಯಿತು. ಯಾರೂ ಹಿಂದೆ ತಿರುಗಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ. ಹಿಂದೆ ಕಾಗದ ಚರಚರ ಎಂದಿತು. ಎಡ್ನಾ ಆಂಟಿ ಕೆಲಸಕ್ಕೆ ಹೊರಡಲು ಕಾಲಿಗೆ ಪತ್ರಿಕೆ ಸುತ್ತಿಕೊಂಡಿದ್ದರು. ಕಾದ ಎಣ್ಣೆಯ, ಮಸಿಯ ವಾಸನೆ ಬಂತು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಆಂಟಿಯೇ ಮುಂದೆ ಬಂದರು. ಕೈಯಲ್ಲಿ ಒಂದು ತಟ್ಟೆ, ಅದರ ಮೇಲೆ ಕವುಚಿದ ಇನ್ನೊಂದು ತಟ್ಟೆ. ಮಗನಿಗೆಂದು ಬೆಳಿಗ್ಗೆ ಮಾಡಿಟ್ಟದ್ದು. ಹೊರಡುವ ಗಡಿಬಿಡಿಯಲ್ಲಿ ಅವನು ಮುಟ್ಟಿರಲಿಲ್ಲ. ಮೇಲಿನ ತಟ್ಟೆ ತೆಗೆದರು. ಎರಡು ಮೊಟ್ಟೆ, ಹುರಿದ ಬ್ರೆಡ್ಡು, ಬೀನ್ಸು. ಅಂಚಿನಲ್ಲಿ ಒಂದು ಹಲ್ಲು ಸೊಟ್ಟಗಿದ್ದ ಫೋರ್ಕು.

ಇನ್ನೂ ಬಿಸಿಯಿತ್ತು. ಅದನ್ನು ನನ್ನ ಎರಡೂ ಕೈಗಳಿಗೆ ಕೊಟ್ಟು, ನನ್ನ ಕೈ ಗಟ್ಟಿಯಾಗಿ ಹಿಡಿಯುವವರೆಗೆ ಅವರು ತಮ್ಮ ಕೈ ಬಿಡಲಿಲ್ಲ.