ದೋಣಿಗಲ್ಲಿಗೆ ಬರಬೇಕಿದ್ದ ಕೇಕ್ ಅಂಗಡಿ

“ನಿಂಗೆ ಚಾಕ್ಲೇಟ್ ಪೇಸ್ಟ್ರಿ. ನಿಂಗೆ ಪೈನಾಪಲ್,” ಎಂದು ಹೇಮಶ್ರೀ ಒಬ್ಬೊಬ್ಬರಿಗೇ ಹಂಚುತ್ತ ಬಂದಳು. ಅವಳ ಕೈಯಲ್ಲಿ ಪೇಸ್ಟ್ರಿ ಇರಲಿಲ್ಲ, ಖಾಲಿ ಊಟದ ಡಬ್ಬಿ ಇತ್ತು. ಐದನೇ ಕ್ಲಾಸಿನ ಮಕ್ಕಳೆಲ್ಲ ಸ್ಕೂಲಿನ ವರಾಂಡದಲ್ಲಿ ಊಟಕ್ಕೆ ಕೂತಿದ್ದರು.

“ನಂಗೆ?” ಎಂದ ಅಭಿಲಾಷ್.

“ನಿಂಗೆ ಬನ್ನು.”

ಎಲ್ಲರೂ ನಕ್ಕರು. ಅಭಿಲಾಷನ ಮುಖ ಸಣ್ಣದಾಯಿತು. ಆಗ ಹೇಮಶ್ರೀ ದೊಡ್ಡ ಮನಸ್ಸು ಮಾಡಿ, “ಹೋಗ್ಲಿ, ನಿಂಗೂ ಪೇಸ್ಟ್ರಿ. ನಮ್ಮ ಅಂಗಡಿ ಓಪನಿಂಗ್ ದಿನ ಇಡೀ ಕ್ಲಾಸಿಗೆ ಫ್ರೀ,” ಎಂದಳು.

ಪಕ್ಕದಲ್ಲಿದ್ದ ಗೆಳತಿ ಸ್ನೇಹಾ ಮೆಲ್ಲಗೆ, “ಗ್ಯಾರಂಟಿನಾ?” ಎಂದು ಕೇಳಿದಳು.

“ಗ್ಯಾರಂಟಿ ಕಣೆ. ಬೋರ್ಡಿಗೆ ಅಳತೆನೂ ತಗೊಂಡು ಹೋಗವ್ರೆ.”

ಅಳತೆ ತೆಗೆದುಕೊಂಡು ಹೋಗಿದ್ದು ನಿಜ. ಹೇಮಶ್ರೀಯ ಮನೆ ಘಾಟಿಯ ತುದಿಯ ದೋಣಿಗಲ್ಲು ಎಂಬ ಊರಿನಲ್ಲಿ, ಹೈವೇಗೆ ಅಂಟಿಕೊಂಡಂತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಅಮ್ಮ ಶಿವಲೀಲಾ ಬಟ್ಟೆ ಹೊಲಿಯುತ್ತಿದ್ದಳು. ಸಕಲೇಶಪುರದ ಎರಡು ಸ್ಕೂಲುಗಳ ಯೂನಿಫಾರ್ಮ್ ಅವಳ ಮೆಷಿನ್ನಿನಲ್ಲೇ ತಯಾರಾಗುತ್ತಿತ್ತು. ಹೊಲಿದು ಹೊಲಿದು ಅಮ್ಮ ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡು ಕೂಡಿಟ್ಟಿದ್ದಳು. ಆದರೆ ಈಗ ಕಣ್ಣು ಸೋಲುತ್ತಿತ್ತು. ಮೆಷಿನ್ ಕೆಲಸ ಕಡಿಮೆ ಮಾಡಿ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು.

ಅಷ್ಟರಲ್ಲೇ ನವೀನ್‌ಕುಮಾರ್ ಬಂದಿದ್ದರು. ಅವರು ಮೈಸೂರಿನ ಒಂದು ಕೇಕ್ ಕಂಪನಿಯವರು. ಅದನ್ನು ಫ್ರಾಂಚೈಸಿ ಅನ್ನುತ್ತಾರೆ ಎಂದು ಲ್ಯಾಪ್‌ಟಾಪ್ ತೆರೆದು ವಿವರಿಸಿದ್ದರು. ದುಡ್ಡು ಹಾಕಿ ಅಂಗಡಿ ನಡೆಸುವವರು ನೀವು, ಹೆಸರು ಕಂಪನಿಯದು. ಕೇಕು, ಪೇಸ್ಟ್ರಿ, ಫ್ರಿಜ್ಜು, ಗುಲಾಬಿ ಬಣ್ಣದ ಬೋರ್ಡು, ಎಲ್ಲವನ್ನೂ ಕಂಪನಿಯೇ ಕಳಿಸುತ್ತದೆ. ಘಾಟಿ ಹತ್ತಿ ಬರುವ ಕಾರುಗಳೆಲ್ಲ ನಿಮ್ಮ ಬಾಗಿಲಲ್ಲೇ ನಿಲ್ಲುತ್ತವೆ ಮೇಡಂ ಎಂದಿದ್ದರು. ಅಮ್ಮನನ್ನು ಯಾರೋ ಮೇಡಂ ಎಂದದ್ದು ಹೇಮಶ್ರೀಗೆ ಬಹಳ ಹಿಡಿಸಿತ್ತು.

ಹಾಸನದಲ್ಲಿರುವ ತಮ್ಮ ದೊಡ್ಡ ಅಂಗಡಿಯನ್ನು ತಾವೇ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸುವುದಾಗಿಯೂ ಅವರು ಹೇಳಿದ್ದರು. ಅಮ್ಮ ಒಪ್ಪಲಿಲ್ಲ.

“ಹಾಸನ ದೊಡ್ಡೂರು,” ಎಂದು ಅವರು ಹೋದಮೇಲೆ ಅಪ್ಪನಿಗೆ ಹೇಳಿದಳು. “ನಮ್ಮಂಥ ಊರ್ನಾಗೆ ಹೆಂಗೆ ನಡೀತೈತೆ, ಅದನ್ನ ನೋಡ್ಬೇಕು. ಆಲೂರ್ನಾಗೊಂದು ಐತಂತೆ. ನಾವೇ ಹೋಗಿ ಬರ್ತೀವಿ.”

ಅಪ್ಪ ಶ್ರೀನಾಥ್ ಎಸ್ಟೇಟಿನ ಪಿಕಪ್ ಗಾಡಿ ಓಡಿಸುವವನು. ಅವನಿಗೆ ರಜೆ ಇರಲಿಲ್ಲ. ಹಾಗಾಗಿ ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಅಮ್ಮ, ಮಗಳು ಇಬ್ಬರೇ ಬಸ್ಸು ಹತ್ತಿದರು.

ಆಲೂರಿನ ಅಂಗಡಿ ಚಿಕ್ಕದು, ಆದರೆ ಚೆಂದವಿತ್ತು. ಗಾಜಿನೊಳಗೆ ಪೇಸ್ಟ್ರಿಗಳು ಸಾಲಾಗಿ ಕೂತಿದ್ದವು. ಜಗದಾಂಬ ಎಂಬ ಹೆಂಗಸು ಸೀರೆಯ ಮೇಲೆ ಕಂಪನಿಯ ಗುಲಾಬಿ ಏಪ್ರನ್ ಕಟ್ಟಿಕೊಂಡು ಕೌಂಟರಿನಲ್ಲಿ ನಿಂತಿದ್ದಳು. ಅಮ್ಮ ತಾವು ಯಾರು, ಯಾಕೆ ಬಂದೆವು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ವ್ಯಾಪಾರ ಹೇಗಿದೆ ಎಂದು ಕೇಳಿದಳು.

“ಪರವಾಗಿಲ್ಲ ಕಣವ್ವ, ನಡೀತೈತೆ,” ಎಂದಳು ಜಗದಾಂಬ. ಅಮ್ಮ ಬೇರೆ ಬೇರೆ ರೀತಿಯಲ್ಲಿ ಕೇಳಿದಾಗಲೂ ಅಷ್ಟೇ ಹೇಳಿದಳು.

ಹೇಮಶ್ರೀ ಬ್ಲ್ಯಾಕ್ ಫಾರೆಸ್ಟ್ ತಿಂದಳು. ಅಷ್ಟು ರುಚಿಯಾದದ್ದನ್ನು ಅವಳು ಯಾವತ್ತೂ ತಿಂದಿರಲಿಲ್ಲ. ಬೆರಳಿಗೆಲ್ಲ ಕ್ರೀಮು ಮೆತ್ತಿಕೊಂಡಿತು. ಅಮ್ಮ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಲು ಹೊರಗೆ ಹೋದಳು. ಹೇಮಶ್ರೀ ಕೈ ತೊಳೆಯಲು ನಲ್ಲಿ ಹುಡುಕುತ್ತ ಅಂಗಡಿಯ ಹಿಂಬದಿಗೆ ಹೋದಳು.

ಅಲ್ಲಿ ಜಗದಾಂಬ ಬಾಗಿ ನಿಂತಿದ್ದಳು. ಒಂದೊಂದೇ ಟ್ರೇ ಎತ್ತಿ ಬಕೆಟ್ಟಿಗೆ ಸುರಿಯುತ್ತಿದ್ದಳು. ಪೇಸ್ಟ್ರಿಗಳೆಲ್ಲ ಕುಸಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಹುಳಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

ಹೇಮಶ್ರೀಯನ್ನು ಕಂಡು ಅವಳು ಬೆಚ್ಚಿದಳು. “ನಿನ್ನೆ ಕರೆಂಟ್ ಹೋಗಿತ್ತು ಕಣವ್ವ. ಇವು ನಿನ್ನೆವು, ನೀನು ತಿಂದಿದ್ದು ಇವತ್ತಿಂದು,” ಎಂದಳು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, “ನಿಮ್ಮಮ್ಮಂಗೆ ಹೇಳ್ಬ್ಯಾಡ,” ಎಂದು ಅವಳ ಕೈಗೊಂದು ಚಾಕ್ಲೇಟ್ ಇಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನ ಮಾತು ನಿಲ್ಲಲಿಲ್ಲ. ಮೆಷಿನ್ನನ್ನು ಒಳಗಿನ ಕೋಣೆಗೆ ಹಾಕಿಸಬೇಕು, ಬಾಗಿಲ ಎಡಕ್ಕೆ ಫ್ರಿಜ್ಜು, ಬಲಕ್ಕೆ ಎರಡು ಟೇಬಲ್ಲು ಎಂದು ಲೆಕ್ಕ ಹಾಕುತ್ತಲೇ ಇದ್ದಳು. ಅಮ್ಮ ಇಷ್ಟು ಗೆಲುವಾಗಿ ಮಾತಾಡಿದ್ದನ್ನು ಹೇಮಶ್ರೀ ಬಹಳ ದಿನಗಳಿಂದ ಕಂಡಿರಲಿಲ್ಲ. ಅವಳು ಬರೀ ಹೂಂಗುಟ್ಟಿದಳು. ಚಾಕ್ಲೇಟು ಜೇಬಿನಲ್ಲೇ ಮೆತ್ತಗಾಯಿತು.

ಹೇಳಿದರೆ ಅಂಗಡಿ ಬರುವುದಿಲ್ಲ. ಸೋಮವಾರ ಕ್ಲಾಸಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಆಲೂರಿನಲ್ಲಿ ಕರೆಂಟು ಹೋದರೆ ನಮಗೇನು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮರುಕ್ಷಣವೇ ದೋಣಿಗಲ್ಲಿನ ಮಳೆಗಾಲ ನೆನಪಾಯಿತು. ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಇಲ್ಲಿ ಎರಡೆರಡು ದಿನ ಕರೆಂಟೇ ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಮೆಷಿನ್ನಿಗೆ ದಾರ ಪೋಣಿಸಲು ಕೂತಿದ್ದಳು. ಸೂಜಿಯ ಕಣ್ಣು ಸಿಗದೆ ಮತ್ತೆ ಮತ್ತೆ ತಪ್ಪಿತು. ಹೇಮಶ್ರೀ ಹೋಗಿ ದಾರ ಪೋಣಿಸಿ ಕೊಟ್ಟಳು. ಪಕ್ಕದಲ್ಲಿ ಹೊಲಿದು ಮಡಚಿಟ್ಟ ನೀಲಿ ಯೂನಿಫಾರ್ಮುಗಳ ರಾಶಿ ಇತ್ತು. ಅದನ್ನು ನೋಡುತ್ತಿದ್ದಂತೆ ಅವಳಿಗೆ ಆ ಬಕೆಟ್ಟು ಕಣ್ಣ ಮುಂದೆ ಬಂತು. ಅದರೊಳಗೆ ಬೀಳುತ್ತಿದ್ದದ್ದು ಪೇಸ್ಟ್ರಿಯಲ್ಲ, ಈ ಅಂಗಿಗಳು, ಅಮ್ಮ ಕಣ್ಣು ಕಿರಿದು ಮಾಡಿಕೊಂಡು ಹೊಲಿದ ಅಂಗಿಗಳು ಅನ್ನಿಸಿತು.

ಅಷ್ಟರಲ್ಲಿ ಅಪ್ಪ ಕಾಫಿ ಲೋಟ ಹಿಡಿದು ಬಂದು ಕೂತ. ನಾಡಿದ್ದು ನವೀನ್‌ಕುಮಾರ್ ಉತ್ತರ ಕೇಳಲು ಬರುತ್ತಾರೆ, ಏನು ಮಾಡೋಣ ಎಂದ. ಅಮ್ಮ ಹೇಮಶ್ರೀಯ ಕಡೆ ತಿರುಗಿದಳು.

“ನೀನೂ ನೋಡ್ಕೊಂಡ್ ಬಂದಿದ್ದೀಯ. ನೀನೇನಂತೀಯ?”

ಮನೆಯ ದೊಡ್ಡ ವಿಷಯದಲ್ಲಿ ಅವಳನ್ನು ಯಾರೂ ಇದುವರೆಗೆ ಹಾಗೆ ಕೇಳಿರಲಿಲ್ಲ.

ಹೇಮಶ್ರೀ ಎಲ್ಲವನ್ನೂ ಹೇಳಿಬಿಟ್ಟಳು. ಟ್ರೇ, ಬಕೆಟ್ಟು, ಹುಳಿ ವಾಸನೆ, ಚಾಕ್ಲೇಟು, ಒಂದನ್ನೂ ಬಿಡಲಿಲ್ಲ. ಇಡೀ ಕ್ಲಾಸಿಗೆ ಪೇಸ್ಟ್ರಿ ಹಂಚುವುದಾಗಿ ಮಾತು ಕೊಟ್ಟದ್ದನ್ನೂ ಹೇಳಿದಳು. ಆ ಕೊನೆಯದನ್ನು ಹೇಳುವಾಗ ಅಳು ಬಂತು.

ಅಪ್ಪ ನಗಲಿಲ್ಲ. ಅಮ್ಮ ಅವಳ ಕಣ್ಣು ಒರೆಸಿದಳು. ಆಮೇಲೆ ಎದ್ದು, ನಿನ್ನೆ ಬರೆದುಕೊಂಡು ಬಂದಿದ್ದ ಜಗದಾಂಬಳ ನಂಬರಿಗೆ ಫೋನು ಮಾಡಿದಳು. “ಅಕ್ಕ, ನಾನೂ ನಿಮ್ಮಂಗೇ ಕೂಡಿಟ್ಟ ದುಡ್ಡು ಹಾಕೋಳು. ಅದಕ್ಕೆ ಕೇಳ್ತಿದ್ದೀನಿ, ನಿಜ ಹೇಳಿ,” ಎಂದಷ್ಟೇ ಹೇಳಿದಳು.

ಈ ಸಲ ಜಗದಾಂಬ ಬಿಡದೆ ಮಾತಾಡಿದಳು. ಕೆಟ್ಟದ್ದನ್ನು ಕಂಪನಿ ವಾಪಸು ತೆಗೆದುಕೊಳ್ಳುವುದಿಲ್ಲ. ವ್ಯಾಪಾರ ಆಗಲಿ ಬಿಡಲಿ, ಕಳಿಸಿದಷ್ಟನ್ನು ಇಳಿಸಿಕೊಳ್ಳಬೇಕು. ಬೇರೆ ಏನನ್ನೂ, ಒಂದು ಲೋಟ ಟೀಯನ್ನೂ ಅಲ್ಲಿ ಮಾರುವಂತಿಲ್ಲ. ಊರವರ ಮುಂದೆ ಸೋತೆ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಅವಳು ಯಾರಿಗೂ ಹೇಳಿರಲಿಲ್ಲ. ಫೋನು ಇಡುವ ಮುಂಚೆ, ಮಗೂಗೆ ಬೇಜಾರು ಮಾಡ್ಕೋಬ್ಯಾಡ ಅಂತ ಹೇಳವ್ವ ಎಂದಳಂತೆ.

ಅಮ್ಮ ಕೋಣೆಯನ್ನೊಮ್ಮೆ ಸುತ್ತ ನೋಡಿದಳು. ಫ್ರಿಜ್ಜು ಬರಬೇಕಿದ್ದ ಎಡಗಡೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

“ಅಂಗಡಿ ಮಾಡೇ ಮಾಡ್ತೀನಿ,” ಎಂದಳು. “ಆದ್ರೆ ಇದಲ್ಲ. ನಾನು ಏನ್ ಮಾರ್ಬೇಕು ಅಂತ ನಾನೇ ಹೇಳೋವಂಥದ್ದು.”

ಅಪ್ಪ ತಲೆಯಾಡಿಸಿದ. ಅಲ್ಲಿಯವರೆಗೆ ಗುಂಡಿತೂತಿಗೆ ಕಾಜ ಮಾಡುವುದು, ಗುಂಡಿ ಹಾಕುವುದನ್ನೆಲ್ಲ ಬೇರೆ ಯಾರಿಗಾದರೂ ಕೊಡು, ಕಣ್ಣಿಗೆ ಅಷ್ಟಾದರೂ ಬಿಡುವು ಸಿಗಲಿ ಎಂದ. ಅಮ್ಮ ಅದಕ್ಕೂ ಒಪ್ಪಿದಳು.

ಸೋಮವಾರ ಊಟದ ಹೊತ್ತಿಗೆ ಸ್ನೇಹಾ ಕೇಳಿಯೇಬಿಟ್ಟಳು. ಓಪನಿಂಗ್ ಯಾವಾಗ? ಮುಂದಿನ ತಿಂಗಳು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಓಪನಿಂಗ್ ಇಲ್ಲ,” ಎಂದಳು ಹೇಮಶ್ರೀ. “ಬೇಡ ಅಂತ ಮಾಡಿದ್ವಿ.”

ಅಭಿಲಾಷ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತಿಡೀ ಅವಳನ್ನು ‘ಪೇಸ್ಟ್ರಿ ಮೇಡಂ’ ಎಂದೇ ಕರೆದ. ಹೇಮಶ್ರೀಯ ಕಿವಿ ಬಿಸಿಯಾಯಿತು, ಅಷ್ಟೆ. ಲಾಸ್ಟ್ ಪಿರಿಯಡ್ಡಿನ ಹೊತ್ತಿಗೆ ಅವನಿಗೇ ಬೇಜಾರಾಗಿ ಬಿಟ್ಟುಬಿಟ್ಟ.

ಮಂಗಳವಾರ ಸಂಜೆ ನವೀನ್‌ಕುಮಾರ್ ಸಹಿ ಹಾಕಿಸಿಕೊಳ್ಳಲು ತಯಾರಾಗಿಯೇ ಬಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು. ಆಲೂರಿನ ಹೆಸರನ್ನೇ ಎತ್ತಲಿಲ್ಲ.

“ನಾವು ಮೂರು ಜನಾನೂ ಕೂತು ಮಾತಾಡಿದ್ವಿ ಸಾರ್,” ಎಂದಳು. “ಈ ಅಂಗಡಿ ಬ್ಯಾಡ ಅಂತ ಆಯ್ತು.”

ನವೀನ್‌ಕುಮಾರ್ ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು. “ಮೂರನೆಯವರು ಯಾರು ಮೇಡಂ? ಬೇಕಾದ್ರೆ ನಾನು ಅವರ ಹತ್ರಾನೂ ಮಾತಾಡ್ತೀನಿ.”

ಹೇಮಶ್ರೀ ಒಳಬಾಗಿಲಲ್ಲಿ ನಿಂತಿದ್ದಳು. ದೊಡ್ಡವರು ಮಾತಾಡುವಾಗ ಅವಳು ಒಳಗೆ ಹೋಗಿಬಿಡುವುದು ರೂಢಿ. ಅಮ್ಮ ತಿರುಗಿ ಅವಳನ್ನು ನೋಡಿದಳು. ಒಳಗೆ ಹೋಗು ಎನ್ನಲಿಲ್ಲ.

ಹೇಮಶ್ರೀ ಮೆಷಿನ್ನಿನ ಹತ್ತಿರ ಇದ್ದ ಸ್ಟೂಲು ಎಳೆದುಕೊಂಡು ಬಂದು, ಅಮ್ಮನ ಪಕ್ಕಕ್ಕೆ ಹಾಕಿಕೊಂಡು ಕೂತಳು.

“ಹೇಳಿ ಅಂಕಲ್,” ಎಂದಳು.

ಇದನ್ನು ನಾಳೆ ಕ್ಲಾಸಿನಲ್ಲಿ ಯಾರಿಗಾದರೂ ಹೇಳಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲ.